ವ್ಯಕ್ತಿಚರಿತ್ರೆಯೂ ಸಂಶೋಧನೆಯೂ: ಧಾರವಾಡ ಗ್ರಾಮೀಣ ಪರಿಸರವನ್ನು ಕುರಿತ ಕೆಲವು ವಿಚಾರಗಳು

ಕನ್ನಡ ಸಾಹಿತ್ಯ ಸಂಶೋಧನೆಯು ತನ್ನ ಆರಂಭದ ಘಟ್ಟದಲ್ಲಿ ವ್ಯಕ್ತಿಚರಿತ್ರೆಯನ್ನೇ ಬುನಾದಿಯಾಗಿ ಇರಿಸಿಕೊಂಡಿತ್ತು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಪ್ರಕಟವಾಯಿತು. ಕವಿಯ ಕಾಲ, ಮತ, ಗುರುಪರಂಪರೆ, ಆಶ್ರಯದಾತರನ್ನು ಆಧಾರಸಹಿತ ಗುರುತಿಸುವ ಕ್ರಮ ಅದರಿಂದ ಗಟ್ಟಿಯಾಯಿತು. ಮುಂದೆ ಕೃತಿನಿಷ್ಠ ವಿಮರ್ಶೆ, ಅನಂತರ ಸಂಸ್ಕೃತಿ ಅಧ್ಯಯನ ಮುನ್ನೆಲೆಗೆ ಬಂದಂತೆ ಕೃತಿಕಾರನ ಬದುಕು ಹಿನ್ನೆಲೆಗೆ ಸರಿಯಿತು. ಈ ಪಲ್ಲಟಕ್ಕೆ ಸಕಾರಣಗಳಿದ್ದವು. ಆದರೆ ಅದರ ಪರಿಣಾಮವಾಗಿ ಬದುಕನ್ನು ಬರೆಯುವ ಹೊಣೆ ಬಹುಮಟ್ಟಿಗೆ ಅಭಿನಂದನ ಗ್ರಂಥಗಳಿಗೆ, ಮಠಗಳ ಪುರಾಣಗಳಿಗೆ, ಜಾತ್ರೆಯ ಕಿರುಹೊತ್ತಗೆಗಳಿಗೆ ಸೇರಿಹೋಯಿತು. ಇವುಗಳಲ್ಲಿ ಭಕ್ತಿಯಿದೆ, ಅಭಿಮಾನವಿದೆ. ಆಧಾರವನ್ನು ಒರೆಹಚ್ಚುವ ಶಿಸ್ತು ಮಾತ್ರ ವಿರಳ.

ಈ ಕೊರತೆ ಎಷ್ಟು ಆಳವಾದುದು ಎಂಬುದನ್ನು ಅರಿಯಲು ಧಾರವಾಡ ಜಿಲ್ಲೆಯ ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಗಳ ಪರಿಸರವನ್ನು ಗಮನಿಸಿದರೆ ಸಾಕು. ಇಲ್ಲಿಯ ಸಂತರು, ಕವಿಗಳು, ಗಾಯಕರು, ಕುಶಲಕರ್ಮಿಗಳು ಒಂದೇ ಜನಜೀವನದ ಭಾಗವಾಗಿ ಬಾಳಿದವರು. ಅಧ್ಯಯನದಲ್ಲಿ ಮಾತ್ರ ಅವರು ಹಂಚಿಹೋಗಿದ್ದಾರೆ. ಕವಿ ಕನ್ನಡ ವಿಭಾಗದ ಪಾಲಿಗೆ, ಗಾಯಕ ಸಂಗೀತ ವಿಭಾಗದ ಪಾಲಿಗೆ, ಸಂತ ಮಠದ ಪಾಲಿಗೆ. ಕುಶಲಕರ್ಮಿ ಯಾರ ಪಾಲಿಗೂ ಇಲ್ಲ.

ಕಳಸ, ಶಿಶುನಾಳ ಮತ್ತು ನವಲಗುಂದಗಳ ನಂಟು ಇದಕ್ಕೆ ಮೊದಲ ನಿದರ್ಶನ. ಶಿಶುನಾಳ ಶರೀಫರ (1819–1889) ತತ್ತ್ವಪದಗಳನ್ನು ಕನ್ನಡ ವಿಭಾಗಗಳು ಪಠ್ಯವಾಗಿ ಸ್ವೀಕರಿಸಿವೆ. ಅವರ ಗುರು, ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರು, ಶರೀಫರ ಜೀವನಕಥನದ ಒಂದು ಅಧ್ಯಾಯವಾಗಿ ಮಾತ್ರ ಉಳಿದಿದ್ದಾರೆ. ಶರೀಫರ ಸಮಕಾಲೀನರೂ ಒಡನಾಡಿಗಳೂ ಆದ ನವಲಗುಂದದ ನಾಗಲಿಂಗಸ್ವಾಮಿಗಳು ಬಹುಮಟ್ಟಿಗೆ ಪವಾಡಪುರುಷರಾಗಿ ಚಿತ್ರಿತರಾಗಿದ್ದಾರೆ. ಒಬ್ಬ ಬ್ರಾಹ್ಮಣ ಗುರು, ಒಬ್ಬ ಮುಸ್ಲಿಂ ಶಿಷ್ಯ, ಒಬ್ಬ ಅವಧೂತ, ಈ ಮೂವರ ಬದುಕುಗಳನ್ನು ಪರಸ್ಪರ ಒರೆಗೆ ಹಚ್ಚದೆ 19ನೆಯ ಶತಮಾನದ ಈ ಸೀಮೆಯ ಅನುಭಾವಿ ಪರಂಪರೆಯನ್ನು ವಿವರಿಸಲಾಗದು. ನಾಗಲಿಂಗಸ್ವಾಮಿಗಳನ್ನು ಬೈಬಲ್ ಪ್ರತಿಯೊಂದರೊಂದಿಗೆ ಜೋಡಿಸುವ ಐತಿಹ್ಯ ನವಲಗುಂದದಲ್ಲಿದೆ. ಅದನ್ನು ಪವಾಡವೆಂದು ಕೊಂಡಾಡುವುದು ಇಲ್ಲವೆ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. 1837ರಿಂದ ಧಾರವಾಡದಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನ ಚಟುವಟಿಕೆಗಳನ್ನು ಈ ಸೀಮೆಯ ಮಠಗಳು ಹೇಗೆ ಎದುರುಗೊಂಡವು ಎಂಬ ಪ್ರಶ್ನೆಗೆ ಆ ಐತಿಹ್ಯ ಬಾಗಿಲು ತೆರೆಯಬಲ್ಲುದೆ ಎಂದು ಕೇಳುವುದು ಸಂಶೋಧಕನ ಕೆಲಸ. ಸರ್ವಜ್ಞನ ವಚನಗಳನ್ನು 1924ರಲ್ಲಿ ಸಂಪಾದಿಸಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಗಳಾಗಿದ್ದರು ಎಂಬುದನ್ನು ನೆನೆದರೆ, ಈ ಪ್ರಶ್ನೆ ಸಾಹಿತ್ಯ ಚರಿತ್ರೆಯ ಹೊರಗಿನದಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯ ನಿದರ್ಶನ ಕುಂದಗೋಳದ್ದು. ರಾಮಚಂದ್ರ ಗಣೇಶ ಸೌಂಶಿ, ರಾಮಭಾವು ಕುಂದಗೋಳಕರ, ಸವಾಯಿ ಗಂಧರ್ವ (1886–1952) ಈ ಮೂರು ಹೆಸರುಗಳೂ ಒಬ್ಬರವೇ. ಮೊದಲನೆಯದು ಮನೆತನದ್ದು, ಎರಡನೆಯದು ಊರಿನದು, ಮೂರನೆಯದು ಮರಾಠಿ ರಂಗಭೂಮಿಯ ರಸಿಕರು ಮೆಚ್ಚಿ ಕೊಟ್ಟದ್ದು. ಅಬ್ದುಲ್ ಕರೀಮ್ ಖಾನರ ಈ ಶಿಷ್ಯರು ಕುಂದಗೋಳದಲ್ಲಿ ನೆಲೆನಿಂತಾಗ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲಿಯೇ ಉಳಿದು ಕಲಿತರು. ನಾಡಿಗೇರ ವಾಡೆಯಲ್ಲಿ ಅವರ ಸ್ಮರಣೆಯ ಸಂಗೀತೋತ್ಸವ ನಡೆದುಕೊಂಡು ಬಂದಿದೆ. 1948ರವರೆಗೆ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಆಡಳಿತ, ದೇಸಗತಿಯ ವಾಡೆ, ಮರಾಠಿ ನಾಟಕ ಮಂಡಳಿ, ಕನ್ನಡ ಮನೆಮಾತು ಇವೆಲ್ಲ ಕೂಡಿದ ಈ ಬದುಕನ್ನು ಒಂದು ಭಾಷೆಯ ಆಕರಗಳಿಂದ ಬರೆಯಲು ಬಾರದು. ಅದೇ ತಾಲೂಕಿನ ಯಲಿವಾಳದಲ್ಲಿ ಹುಟ್ಟಿ ಗದಗಿನ ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತ ಬಸವರಾಜ ರಾಜಗುರು ಅವರು ವಚನಗಳನ್ನು ಹಿಂದೂಸ್ತಾನಿ ಕಛೇರಿಯಲ್ಲಿ ಹಾಡಿದರು. ವಚನ ಸಾಹಿತ್ಯದ ಸ್ವೀಕಾರದ ಚರಿತ್ರೆ ಬರೆಯುವವರು ಸಂಪಾದಕರನ್ನು ಹೆಸರಿಸುತ್ತಾರೆ. ವಚನವನ್ನು ಅಕ್ಷರ ಬಾರದವರ ಕಿವಿಗೂ ಮುಟ್ಟಿಸಿದ ಗಾಯಕರನ್ನು ಹೆಸರಿಸುವುದು ಅಪರೂಪ.

ಹೀಗೆ ಬರೆಯಹೊರಟಾಗ ಊರಭಿಮಾನದ ಅಪಾಯವೂ ಇದೆ. ಪಂಪನ ತಮ್ಮ ಜಿನವಲ್ಲಭನು ಹಾಕಿಸಿದ ಕುರಿಕ್ಯಾಲ ಶಾಸನವು ಅವರ ತಾಯಿ ಅಬ್ಬಣಬ್ಬೆಯನ್ನು ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳೆಂದು ಹೇಳುತ್ತದೆ. ತೆಲಂಗಾಣದ ಕರೀಂನಗರ ಸೀಮೆಯ ಬಂಡೆಯೊಂದು ಬೆಳ್ವೊಲದ ಊರನ್ನು ನೆನೆಯುತ್ತದೆ ಎಂಬುದೇ ಮಹತ್ವದ ಸಂಗತಿ. ಆದರೆ ತಾಯಿಯ ಮನೆತನದ ಈ ಸಂಬಂಧವನ್ನು ಕವಿಯ ಜನ್ಮಸ್ಥಳದ ನಿರ್ಣಯವಾಗಿ ಮಾರ್ಪಡಿಸುವ ಆತುರ ಮತ್ತೆ ಮತ್ತೆ ಕಾಣುತ್ತದೆ. ಶಾಸನ ಹೇಳಿದಷ್ಟನ್ನೇ ಹೇಳುವುದರಿಂದ ಅಣ್ಣಿಗೇರಿಯ ಹಿರಿಮೆ ಕುಂದುವುದಿಲ್ಲ.

ಈ ದಿಸೆಯಲ್ಲಿ ವೇಲ್ಸ್ ದೇಶದ ಅನುಭವ ಪರಿಶೀಲನಾರ್ಹ. ಇಂಗ್ಲಿಷಿನ ಮಗ್ಗುಲಲ್ಲೇ ತನ್ನ ನುಡಿಯನ್ನು ಉಳಿಸಿಕೊಂಡ ಆ ಚಿಕ್ಕ ದೇಶವು ಜೆ.ಇ. ಲಾಯ್ಡ್ ಮತ್ತು ಆರ್.ಟಿ. ಜೆಂಕಿನ್ಸ್ ಅವರ ಸಂಪಾದಕತ್ವದಲ್ಲಿ ತನ್ನ ಜನರ ಜೀವನಚರಿತ್ರೆಯ ಕೋಶವನ್ನು 1953ರಲ್ಲಿ ಮೊದಲು ವೆಲ್ಷ್ ಭಾಷೆಯಲ್ಲಿ ಪ್ರಕಟಿಸಿತು; ಇಂಗ್ಲಿಷ್ ಆವೃತ್ತಿ ಬಂದುದು 1959ರಲ್ಲಿ. ಇಂದು ಅದು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಹಳ್ಳಿಯ ಪಾದ್ರಿಗಳು, ಕವಿಗಳು, ಗಾಯಕರು ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿದ್ದಾರೆ. ಎಷ್ಟೋ ಸಲ ಒಬ್ಬನೇ ಪಾದ್ರಿಯೂ ಕವಿಯೂ ಆಗಿದ್ದಾನೆ. ಒಂದೇ ಹೆಸರಿನ ಅನೇಕರಿರುವುದರಿಂದ ಕಾವ್ಯನಾಮ, ಊರಿನ ಹೆಸರುಗಳ ಮೂಲಕ ವ್ಯಕ್ತಿಯನ್ನು ಗುರುತಿಸುವ ತೊಡಕು ಅವರಿಗೂ ಎದುರಾಗಿದೆ. ಮೊದಲ ಕೋಶದಲ್ಲಿ ಮಹಿಳೆಯರ ಸಂಖ್ಯೆ ತೀರ ಕಡಿಮೆಯಿತ್ತೆಂಬ ಟೀಕೆ ನ್ಯಾಯವಾದುದೇ. ಆ ಮಾದರಿಯನ್ನು ಅನುಸರಿಸುವವರು ಆ ತಪ್ಪನ್ನೂ ಅನುಸರಿಸಬೇಕಾಗಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಚಿತ್ರ ಬರೆದ ಮನೆತನಗಳು, ನವಲಗುಂದದ ಜಮಖಾನ ನೆಯ್ದ ಮುಸ್ಲಿಂ ಮಹಿಳೆಯರು ತಮ್ಮ ಕೃತಿಯ ಮೇಲೆ ಅಂಕಿತ ಹಾಕಿದವರಲ್ಲ. ಅಂಕಿತವಿಲ್ಲದವರಿಗೆ ಚರಿತ್ರೆಯಿಲ್ಲವೆಂದು ಭಾವಿಸುವುದು ಕವಿಚರಿತೆಯ ಮಿತಿಯನ್ನೇ ಮುಂದುವರಿಸಿದಂತೆ. ಅಲ್ಲಿ ವ್ಯಕ್ತಿಗೆ ಬದಲಾಗಿ ಮನೆತನವೇ ಒಂದು ನಮೂದಾಗಬಹುದು.

ವ್ಯಕ್ತಿಚರಿತ್ರೆಯೆಂದರೆ ವ್ಯಕ್ತಿಪೂಜೆ ಎಂಬ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಎತ್ತಿ ಬರೆದಾಗ ಆ ಮಾತು ನಿಜ. ಸಂಬಂಧಗಳ ಮೂಲಕ ಬರೆದಾಗ ಹಾಗಾಗದು. ಗೋವಿಂದ ಭಟ್ಟರ ನಮೂದು ಶರೀಫರತ್ತ, ಶರೀಫರದು ನಾಗಲಿಂಗಸ್ವಾಮಿಗಳತ್ತ ಕೈದೋರಿದಾಗ ಕಾಣುವುದು ಮೂರ್ತಿಗಳಲ್ಲ, ಒಂದು ಸಮಾಜ. ಆಡಳಿತದ ಗಡಿಗಳೂ ಇಲ್ಲಿ ಅಡ್ಡಬರಬಾರದು. 1997ರಲ್ಲಿ ಶಿಶುನಾಳ ಹಾವೇರಿ ಜಿಲ್ಲೆಗೆ ಸೇರಿತೆಂಬ ಕಾರಣಕ್ಕೆ ಗುರುಶಿಷ್ಯರು ಬೇರೆಬೇರೆ ಸಂಪುಟಗಳ ಪಾಲಾಗಲಾರರು.

ಕೆಲಸದ ಕ್ರಮ ಸರಳವಾಗಿಯೇ ಇರಲಿ. ಪ್ರತಿ ಹೇಳಿಕೆಯೂ ಶಾಸನದ್ದೋ, ಕಾಗದಪತ್ರದ್ದೋ, ಮಠದ ಪುರಾಣದ್ದೋ, ಬಾಯಿಮಾತಿನದೋ ಎಂಬುದು ಸ್ಪಷ್ಟವಾಗಿರಬೇಕು. ಐತಿಹ್ಯವನ್ನು ಬಿಡಬಾರದು, ಐತಿಹ್ಯವೆಂದೇ ಕರೆದು, ಯಾವ ಊರಿನಲ್ಲಿ ಯಾವ ವರ್ಷ ದೊರೆಯಿತೆಂದು ನಮೂದಿಸಬೇಕು. ತೇದಿಗಳು ಭಿನ್ನವಾಗಿದ್ದಲ್ಲಿ ಎರಡನ್ನೂ ಕೊಡಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಲ್ಲಿ ಒಂದು ಪಾಲನ್ನು ತಮ್ಮ ಊರಿನ ಒಂದು ಬದುಕಿಗೆ ಮೀಸಲಿಟ್ಟರೂ ಕೆಲವೇ ವರ್ಷಗಳಲ್ಲಿ ತಾಲೂಕಿಗೊಂದು ಸಂಪುಟದಷ್ಟು ಸಾಮಗ್ರಿ ಕೂಡುತ್ತದೆ.

ಇದು ನಿಧಾನಿಸಬಹುದಾದ ಕೆಲಸವಲ್ಲ. ಶಾಸನ ಇನ್ನೂ ಕೆಲವು ಶತಮಾನ ಕಾಯಬಲ್ಲುದು, ಬಾಯಿಮಾತು ಕಾಯದು. ಸವಾಯಿ ಗಂಧರ್ವರ ಹಾಡನ್ನು ವಾಡೆಯ ಪಡಸಾಲೆಯಲ್ಲಿ ಕುಳಿತು ಕೇಳಿದ ತಲೆಮಾರು ಬಹುತೇಕ ಮರೆಯಾಗಿದೆ. ಅವರಿಂದ ಕೇಳಿದವರು ಇನ್ನೂ ಇದ್ದಾರೆ. ಕನ್ನಡ ವಿಭಾಗಗಳು ಅವರ ಮನೆಯ ಕಟ್ಟೆಗೆ ಹೋಗಿ ಕುಳಿತುಕೊಳ್ಳಬೇಕಾದುದು ಈಗಲೇ.