ದಮ್ಮು ಸಲೀಸಾಗಿ ಬಂದರೆ ಬೀಡಿ, ಪೈಪು ಸುರಕ್ಷಿತವೇ?

“ಬೀಡಿ ಎಲೆಯದ್ದು, ಸಿಗರೇಟಿನ ಹಾಗೆ ಕಾಗದ-ಕೆಮಿಕಲ್ ಇಲ್ಲ, ಏನೂ ಆಗುವುದಿಲ್ಲ.” “ಪೈಪಿನ ಉದ್ದ ಕೊಳವೆಯಲ್ಲಿ ಹೊಗೆ ತಣ್ಣಗಾಗಿ ಬರುತ್ತದೆ, ಶ್ವಾಸಕೋಶಕ್ಕೆ ತೊಂದರೆ ಇಲ್ಲ.” “ಹುಕ್ಕಾದ ನೀರು ಹೊಗೆಯನ್ನು ಸೋಸುತ್ತದೆ.” ಇವುಗಳಲ್ಲಿ ಒಂದಾದರೂ ನಿಮ್ಮ ಕಿವಿಗೆ ಬಿದ್ದಿರಬಹುದು, ಅಥವಾ ಯಾವುದೋ ಗ್ರೂಪಿನಲ್ಲಿ ಕಂಡಿರಬಹುದು.

ಪುತ್ತೂರು, ಸುಳ್ಯ, ಕಡಬದ ಕಡೆ ಇದು ಸೇದುವವರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಇಲ್ಲಿ ಅಡಿಕೆ, ರಬ್ಬರಿನ ಜೊತೆಗೆ ಬೀಡಿ ಕಟ್ಟುವುದೂ ಎಷ್ಟೋ ಮನೆಗಳ ಹೆಂಗಸರ ಸಂಪಾದನೆ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಸಾವಿರದ ಲೆಕ್ಕದಲ್ಲಿ ಬ್ರಾಂಚಿಗೆ ಕೊಡುವ ಕೆಲಸ. ಹೀಗಾಗಿ ‘ಬೀಡಿ ಅಷ್ಟೇನೂ ಕೆಟ್ಟದ್ದಲ್ಲ’ ಎಂಬ ಮಾತನ್ನು ನಂಬಲು ಇಲ್ಲಿ ಬೇರೆಡೆಗಿಂತ ಹೆಚ್ಚು ಕಾರಣಗಳಿವೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಮೇಲಿನ ಮೂರೂ ಮಾತುಗಳ ಬುಡದಲ್ಲಿರುವುದು ಒಂದೇ ಗೊಂದಲ. ಹೊಗೆ ಗಂಟಲಿಗೆ ಹಿತವಾಗಿ, ಸಲೀಸಾಗಿ ಬಂದರೆ ಅದರಿಂದ ಹಾನಿಯೂ ಕಡಿಮೆ ಎಂದು ನಾವು ಅಂದುಕೊಳ್ಳುತ್ತೇವೆ. ಇದನ್ನು ಬಿಡಿಸಿಕೊಳ್ಳಲು ಹೊಗೆ ಬರುವ ದಾರಿಯನ್ನೇ ನೋಡೋಣ. ಮೊದಲು ಪೈಪು, ಅಂದರೆ ಹಳಬರು ಚುಂಗಾಣಿ ಎನ್ನುತ್ತಿದ್ದ ಸಾಧನ.

ಕಾಣದ ಕಟ್ಟು

ಪೈಪಿಗೆ ಹೊಗೆಸೊಪ್ಪು ಉರಿಯುವ ಬಟ್ಟಲು, ಅದಕ್ಕೆ ಅಂಟಿಕೊಂಡ ಮರದ ಕುತ್ತಿಗೆ, ಅದರೊಳಗೆ ಸಿಕ್ಕಿಸುವ ಕೊಳವೆ ಇರುತ್ತವೆ. ಕೊಳವೆಯ ತುದಿ ಕುತ್ತಿಗೆಯ ತಳ ಮುಟ್ಟುವಷ್ಟು ಉದ್ದವಿಲ್ಲದಿದ್ದರೆ ಒಳಗೆ ಒಂದು ಸಣ್ಣ ಖಾಲಿ ಜಾಗ ಉಳಿಯುತ್ತದೆ. ಕಿರಿದಾದ ದಾರಿಯಲ್ಲಿ ಬಂದ ಬಿಸಿ ಹೊಗೆ ಅಲ್ಲಿ ಹರಡಿ, ಸುಳಿ ಸುತ್ತಿ, ತಣ್ಣಗಾಗುತ್ತದೆ. ಅದರಲ್ಲಿರುವ ನೀರಿನಂಶ ಹನಿಯಾಗಿ ನಿಲ್ಲುತ್ತದೆ. ಸೇದುವಾಗ ಬರುವ ‘ಗುಳುಗುಳು’ ಸದ್ದಿಗೆ ಇದೇ ಕಾರಣ. ಬಾಯಿ ಕಚ್ಚುವ ತುದಿಯಲ್ಲಿ ರಂಧ್ರ ಚಪ್ಪಟೆಯಾಗಿ ಇಕ್ಕಟ್ಟಾಗಿದ್ದರೆ ಇನ್ನೊಂದು ತೊಂದರೆ. ಜೋಡಣೆ ಸಡಿಲವಾಗಿದ್ದರೆ ಹೊರಗಿನ ಗಾಳಿ ನುಗ್ಗುತ್ತದೆ, ಬಟ್ಟಲಿನ ಕೆಂಡ ಮತ್ತೆ ಮತ್ತೆ ಆರುತ್ತದೆ.

ಬೆಳಕಿಗೆ ಹಿಡಿದು ನೋಡಿದರೆ ಇವು ಯಾವುದೂ ಸುಲಭಕ್ಕೆ ಕಾಣುವುದಿಲ್ಲ. ದಾರಿ ತೆರೆದೇ ಇರುತ್ತದೆ, ಸ್ವಲ್ಪ ಕಿರಿದಾಗಿರುತ್ತದೆ ಅಷ್ಟೆ. ಆದರೆ ಆ ‘ಸ್ವಲ್ಪ’ದ ಪರಿಣಾಮ ದೊಡ್ಡದು. ನಿಧಾನವಾಗಿ ಹರಿಯುವ ಗಾಳಿಗೆ ಕೊಳವೆ ಒಡ್ಡುವ ಅಡ್ಡಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ. ಸರಳವಾಗಿ ಹೇಳುವುದಾದರೆ, ರಂಧ್ರದ ಅಗಲ ಅರ್ಧವಾದರೆ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟಾಗುತ್ತದೆ. 4 ಮಿಲಿಮೀಟರಿನ ರಂಧ್ರದಲ್ಲಿ ಸುತ್ತಲೂ ಅರ್ಧ ಮಿಲಿಮೀಟರ್ ಕಿಟ್ಟ ಕಟ್ಟಿದರೆ ಉಳಿಯುವುದು 3 ಮಿಲಿಮೀಟರ್, ಅಡ್ಡಿ ಮೂರು ಪಟ್ಟಿಗೂ ಹೆಚ್ಚು.

ರಿಪೇರಿ ಮಾತ್ರ ಕಷ್ಟದ್ದಲ್ಲ. ಹತ್ತಿ ಸುತ್ತಿದ ತಂತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಕಿಟ್ಟ ತೆಗೆಯುತ್ತಾರೆ. ಇಕ್ಕಟ್ಟಾದ ರಂಧ್ರವನ್ನು ಸಣ್ಣ ಬೈರಿಗೆಯಿಂದ ಕೈಯಲ್ಲೇ ತಿರುಗಿಸಿ ಹಿಗ್ಗಿಸುತ್ತಾರೆ. ಸಡಿಲ ಜೋಡಣೆಗೆ ಜೇನುಮೇಣ ಸವರುತ್ತಾರೆ. ಆಮೇಲೆ ಪೈಪು ಗುಳುಗುಡುವುದಿಲ್ಲ, ಹೊಗೆ ಮೆತ್ತಗೆ ಬರುತ್ತದೆ.

ಆದರೆ ಆ ಮೆತ್ತಗಿನ ಹೊಗೆಯಲ್ಲಿ ಇರುವುದೇನು? ಮೊದಲಿದ್ದದ್ದೇ. ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತ ಸಣ್ಣವು. ಕೊಳವೆಯ ಗೋಡೆಗೆ ಒಂದಿಷ್ಟು ಅಂಟುತ್ತವೆ, ಉಳಿದವು ಬಾಯಿಗೆ ಬರುತ್ತವೆ. ತಣ್ಣಗಾಗುವುದರಿಂದ ವಿಷ ಕಳೆಯುವುದಿಲ್ಲ. ಪೈಪು ಸೇದುವವರಲ್ಲಿ ಹಲವರು ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ನಿಜ. ಆದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಅವರಿಗೆ ತಪ್ಪಿದ್ದಲ್ಲ. ಹುಕ್ಕಾದ ನೀರೂ ಹೊಗೆಯನ್ನು ತಂಪು ಮಾಡುತ್ತದೆಯೇ ಹೊರತು ಶುದ್ಧ ಮಾಡುವುದಿಲ್ಲ. ಹಿತವಾಗಿರುವ ಕಾರಣಕ್ಕೇ ಜನ ಗಂಟೆಗಟ್ಟಲೆ ಎಳೆಯುತ್ತಾರೆ. (ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾವನ್ನು ನಿಷೇಧಿಸಿದೆ.)

ಬೀಡಿಗೆ ಬರೋಣ

ಸಿಗರೇಟಿನ ಕಾಗದದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅದರ ಮೂಲಕವೂ ಗಾಳಿ ಆಡುತ್ತದೆ. ಹಾಗಾಗಿ ಸೇದದೆ ಇಟ್ಟರೂ ಅದು ಉರಿಯುತ್ತಲೇ ಇರುತ್ತದೆ. ಬೀಡಿ ಎಲೆ ದಟ್ಟ, ಅದರಲ್ಲಿ ಗಾಳಿ ಸುಲಭವಾಗಿ ತೂರುವುದಿಲ್ಲ. ಎರಡು ನಿಮಿಷ ಮಾತಿಗೆ ನಿಂತರೆ ಬೀಡಿ ಆರಿತು. ಆರದಂತೆ ನೋಡಿಕೊಳ್ಳಲು ಮೇಲಿಂದ ಮೇಲೆ, ಬಲವಾಗಿ ಎಳೆಯಬೇಕು. ಹಸಿ ಸೌದೆಯ ಒಲೆಯನ್ನು ಊದುಕೊಳವೆಯಿಂದ ಊದುತ್ತಲೇ ಇರಬೇಕಲ್ಲ, ಹಾಗೆ. ಒಂದು ವ್ಯತ್ಯಾಸ: ಇಲ್ಲಿ ಗಾಳಿ ಹೋಗುವುದು ಒಲೆಯ ಕಡೆಗಲ್ಲ, ನಮ್ಮೊಳಕ್ಕೆ.

ಬೀಡಿಯಲ್ಲಿ ಸಿಗರೇಟಿಗಿಂತ ಬಹಳ ಕಡಿಮೆ ಹೊಗೆಸೊಪ್ಪು ಇರುತ್ತದೆ ಎಂಬ ವಾದ ಇಲ್ಲೇ ಬೀಳುತ್ತದೆ. ಪುಡಿ ಕಡಿಮೆ, ದಮ್ಮು ಹೆಚ್ಚು. ಗಾಳಿ ಸಾಲದೆ ಅರೆಬರೆ ಉರಿಯುವುದರಿಂದ ಕಾರ್ಬನ್ ಮಾನಾಕ್ಸೈಡ್ ಕೂಡ ಜಾಸ್ತಿ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಬೀಡಿಯ ಹೊಗೆಸೊಪ್ಪಿನಲ್ಲಿ ಗ್ರಾಮಿಗೆ 21.2 ಮಿಲಿಗ್ರಾಂ, ಫಿಲ್ಟರ್ ಸಿಗರೇಟಿನದ್ದರಲ್ಲಿ 16.3 ಮಿಲಿಗ್ರಾಂ ನಿಕೋಟಿನ್ ಕಂಡುಬಂದಿತ್ತು. ‘ಎಲೆಯದ್ದು’ ಎಂಬ ಸಮಾಧಾನಕ್ಕೂ ಅರ್ಥವಿಲ್ಲ. ಹೊಗೆಸೊಪ್ಪೂ ಎಲೆಯೇ ತಾನೆ.

ಬೀಡಿ ಸೇದುವವರಿಗೂ ತಮ್ಮದೇ ರಿಪೇರಿ ಉಂಟು. ಬಿಗಿಯಾಗಿ ಕಟ್ಟಿದ ಬೀಡಿಯನ್ನು ಹಚ್ಚುವ ಮುಂಚೆ ಬೆರಳುಗಳ ನಡುವೆ ಹೊರಳಿಸಿ ಪುಡಿ ಸಡಿಲಿಸುತ್ತಾರೆ. ಮಳೆಗಾಲದಲ್ಲಿ ತೇವ ಹಿಡಿದದ್ದನ್ನು ಒಲೆಯ ಹತ್ತಿರ ಬಿಸಿ ಮಾಡುತ್ತಾರೆ. ಎಳೆಯುವುದು ಹಗುರಾಗುತ್ತದೆ, ಒಳಹೋಗುವ ಹೊಗೆ ಹಗುರಾಗುವುದಿಲ್ಲ.

ಇದೇ ಆಟವನ್ನು ಸಿಗರೇಟು ಕಂಪನಿಗಳು ದೊಡ್ಡ ಮಟ್ಟದಲ್ಲಿ ಆಡಿದವು. ‘ಲೈಟ್’ ಸಿಗರೇಟುಗಳ ಫಿಲ್ಟರಿನ ಸುತ್ತ ಸೂಕ್ಷ್ಮ ತೂತುಗಳಿದ್ದವು. ಅಳೆಯುವ ಯಂತ್ರ ಎಳೆದಾಗ ಹೊರಗಿನ ಗಾಳಿ ಬೆರೆತು ಟಾರ್ ಕಡಿಮೆ ಎಂದು ತೋರಿಸುತ್ತಿತ್ತು. ಮನುಷ್ಯರ ಬೆರಳು, ತುಟಿ ಆ ತೂತುಗಳನ್ನು ಮುಚ್ಚುತ್ತಿದ್ದವು. ಮುಚ್ಚದವರೂ ಜೋರಾಗಿ ಎಳೆದು ಸರಿದೂಗಿಸಿಕೊಳ್ಳುತ್ತಿದ್ದರು. 2010ರಿಂದ ಅಮೆರಿಕದಲ್ಲಿ ಆ ಪದವನ್ನು ಪ್ಯಾಕಿನ ಮೇಲೆ ಹಾಕುವಂತಿಲ್ಲ.

ತಂತಿ ಹೋಗದ ಕೊಳವೆಗಳು

ಪೈಪಿಗೆ ಹೇಳಿದ ನಾಲ್ಕನೇ ಘಾತದ ಲೆಕ್ಕ ನಮ್ಮ ಶ್ವಾಸನಾಳಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ. ಹೊಗೆ ಮೊದಲು ಕೆಡಿಸುವುದು 2 ಮಿಲಿಮೀಟರಿಗಿಂತ ಸಣ್ಣ ನಾಳಗಳನ್ನು. ಅವು ಸಾವಿರಾರು ಇರುವುದರಿಂದ ಕೆಲವು ಕಿರಿದಾದರೂ ಉಳಿದವು ಕೆಲಸ ನಡೆಸುತ್ತವೆ. ಹಾಗಾಗಿ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ‘ಮೂವತ್ತು ವರ್ಷದಿಂದ ಸೇದುತ್ತಿದ್ದೇನೆ, ಏನಾಗಿದೆ?’ ಎಂದು ಕೇಳುವವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ತಿಳಿದಿರುವುದಿಲ್ಲ. ಗುಡ್ಡ ಹತ್ತುವಾಗ ಏದುಸಿರು ಬರತೊಡಗಿದರೆ ವಯಸ್ಸಿನ ಮೇಲೆ ಹಾಕುತ್ತಾರೆ. ಸ್ಪೈರೋಮೆಟ್ರಿ ಎಂಬ ಪರೀಕ್ಷೆಯಲ್ಲಿ ಊದಿಸಿ ನೋಡಿದರೆ, ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂಬುದರಿಂದ ಅಡಚಣೆ ಪತ್ತೆಯಾಗುತ್ತದೆ. ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇದನ್ನು ಮಾಡುತ್ತಾರೆ. ಕೆಮ್ಮು, ಕಫ, ಏದುಸಿರು ಇರುವ ಬೀಡಿ ಸೇದುವವರು ಎಕ್ಸ್-ರೇ ಒಂದಕ್ಕೇ ನಿಲ್ಲದೆ ಇದನ್ನೂ ಕೇಳುವುದು ಒಳ್ಳೆಯದು.

ಶ್ವಾಸಕೋಶವನ್ನು ಮೂರೇ ದಿನದಲ್ಲಿ ‘ಕ್ಲೀನ್’ ಮಾಡುವ ಕಷಾಯದ ಫಾರ್ವರ್ಡ್ ಬಂದರೆ ಅಳಿಸಿಬಿಡಿ. ಹಾಳಾದ ಗಾಳಿಚೀಲಗಳನ್ನು ಯಾವ ಕಷಾಯವೂ ಮತ್ತೆ ಕಟ್ಟುವುದಿಲ್ಲ. ಸೇದುವುದನ್ನು ಬಿಟ್ಟರೆ ಮಾತ್ರ ಶ್ವಾಸಕೋಶ ಕುಗ್ಗುವ ವೇಗ ತಗ್ಗುತ್ತದೆ, ಅರವತ್ತರಲ್ಲಿ ಬಿಟ್ಟರೂ.

ಬೀಡಿ ಕಟ್ಟುವವರ ವಿಷಯ ಬೇರೆ. ಅವರು ಸೇದುವುದಿಲ್ಲ, ಆದರೆ ಹೊಗೆಸೊಪ್ಪಿನ ದೂಳು ಮೂಗಿಗೆ ಹೋಗುತ್ತದೆ, ನಿಕೋಟಿನ್ ಚರ್ಮದ ಮೂಲಕವೂ ಇಳಿಯುತ್ತದೆ. ಮಳೆಗೆ ಕಿಟಕಿ ಮುಚ್ಚಿದ ಕೋಣೆಗಿಂತ ಜಗಲಿಯಲ್ಲಿ ಕೂತು ಕಟ್ಟುವುದು, ಪುಡಿಯನ್ನು ಮಲಗುವ, ಅಡುಗೆ ಮಾಡುವ ಜಾಗದಿಂದ ದೂರ ಇಡುವುದು, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯುವುದು ಕೈಲಾಗುವ ಕೆಲಸಗಳು.

2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ಬಿಡಬೇಕು ಅನ್ನಿಸಿದವರಿಗೆ ತಂಬಾಕು ಪ್ಯಾಕಿನ ಮೇಲೇ ಉಚಿತ ಸಹಾಯವಾಣಿಯ ಸಂಖ್ಯೆ ಅಚ್ಚಾಗಿರುತ್ತದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.