ಮೊದಲು ಮೀಟರ್ ನೋಡಿ

ಹೈಬ್ರಿಡ್ ಕಾರು ಕೊಂಡರೆ ಪರಿಸರದ ಋಣ ತೀರಿತೆಂದು ನಂಬಿರುವ ಬೆಂಗಳೂರಿನ ಮಿತ್ರರೇ, ಬನ್ನಿ, ಒಂದು ಲೆಕ್ಕ ಹಾಕೋಣ.

ಯಂತ್ರದ ಮೇಲೆ ನನಗೆ ತಕರಾರಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ನ ಎಂಜಿನ್ ತಾನೇ ಆರುತ್ತದೆ, ಎಸಿ ಮಾತ್ರ ಬ್ಯಾಟರಿಯಿಂದ ನಡೆಯುತ್ತಿರುತ್ತದೆ. ಬ್ರೇಕ್ ತುಳಿದಾಗ ಬಿಸಿಯಾಗಿ ಪೋಲಾಗುತ್ತಿದ್ದ ಶಕ್ತಿಯಲ್ಲಿ ಒಂದಷ್ಟು ಬ್ಯಾಟರಿಗೆ ವಾಪಸ್ ಬರುತ್ತದೆ. ನಿಂತು ನಿಂತು ಸಾಗುವ ನಮ್ಮ ಊರಿಗೆ ಹೇಳಿ ಮಾಡಿಸಿದ ಗಾಡಿ. ತುಮಕೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಲಾಭ ಅಷ್ಟಿಲ್ಲ. ಬ್ಯಾಟರಿ ಎಂಜಿನ್ನಿಗೆ ಒಂಚೂರು ಕೈಜೋಡಿಸುವ ‘ಮೈಲ್ಡ್ ಹೈಬ್ರಿಡ್’ ಎಂಬ ಬಿಲ್ಲೆ ಅಂಟಿಸಿಕೊಂಡವುಗಳ ಮಾತೇ ಬೇಡ. ಅವಕ್ಕೆ ಕೊಡುತ್ತಿದ್ದ ಸಹಾಯಧನವನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಲ್ಲಿಸಿತು.

ಈಗ ಲೆಕ್ಕ. ಸ್ಟ್ರಾಂಗ್ ಹೈಬ್ರಿಡ್‌ಗೆ ಪೆಟ್ರೋಲ್ ಕಾರಿಗಿಂತ ಎರಡೂವರೆ ಲಕ್ಷ ಹೆಚ್ಚು ಕೊಟ್ಟಿರಿ ಎನ್ನೋಣ. ಊರೊಳಗೆ ಪೆಟ್ರೋಲ್ ಕಾರು ಲೀಟರಿಗೆ 12 ಕಿ.ಮೀ., ಹೈಬ್ರಿಡ್ 20. ವರ್ಷಕ್ಕೆ 8,000 ಕಿ.ಮೀ. ಓಡಿಸಿದರೆ ಉಳಿಯುವುದು ಸುಮಾರು 267 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ಹಾಕಿದ ದುಡ್ಡು ವಾಪಸ್ ಬರಲು ಒಂಬತ್ತು ವರ್ಷಕ್ಕೂ ಹೆಚ್ಚು ಬೇಕು. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ನೀವು ವರ್ಷಕ್ಕೆ ತಪ್ಪಿಸಿದ್ದು 600 ಕಿಲೋ ಚಿಲ್ಲರೆ. ಹೊಸ ಕಾರಿನ ಉಕ್ಕು, ಅಲ್ಯೂಮಿನಿಯಂ, ಬ್ಯಾಟರಿಗಳೆಲ್ಲ ಸೇರಿ ಕಾರ್ಖಾನೆಯ ಗೇಟು ದಾಟುವ ಮೊದಲೇ ಹಲವು ಟನ್ ಹೊಗೆ ಉಗುಳಿಯಾಗಿರುತ್ತದೆ. ಚೆನ್ನಾಗಿರುವ ಹಳೇ ಕಾರನ್ನು ಮಾರಿ ಇದನ್ನು ತಂದು ಬೇಸ್‌ಮೆಂಟಿನಲ್ಲಿ ನಿಲ್ಲಿಸುವುದು ಯಾವ ಸೀಮೆಯ ಪರಿಸರ ಪ್ರೇಮ?

ಅದೇ ಗಾಡಿಯನ್ನು ಟ್ಯಾಕ್ಸಿ ಚಾಲಕನ ಕೈಗೆ ಕೊಡಿ. ವರ್ಷಕ್ಕೆ 60,000 ಕಿ.ಮೀ. ಓಡಿಸಿದರೆ ಉಳಿತಾಯ 2,000 ಲೀಟರ್! ಒಂದೂಕಾಲು ವರ್ಷದಲ್ಲಿ ಹೆಚ್ಚುವರಿ ದುಡ್ಡು ಕೈಸೇರುತ್ತದೆ, ವರ್ಷಕ್ಕೆ ನಾಲ್ಕೂವರೆ ಟನ್ ಹೊಗೆ ತಪ್ಪುತ್ತದೆ. (ವಿದ್ಯುತ್ ಕಾರು ಇನ್ನೂ ಒಳ್ಳೆಯದಲ್ಲವೇ ಎನ್ನುತ್ತೀರಿ. ನಿಜ; ಚಾರ್ಜಿಂಗಿಗೆ ಗಂಟೆಗಟ್ಟಲೆ ಕಾದರೆ ಬಾಡಿಗೆ ತಪ್ಪುವವನ ಮಾತು ಹೇಳುತ್ತಿದ್ದೇನೆ.) ಅಂಥ ಹೈಬ್ರಿಡ್ ಇನ್ನೋವಾ ಹೈಕ್ರಾಸ್ ತಯಾರಾಗುವುದು ಇಲ್ಲೇ ಬಿಡದಿಯಲ್ಲಿ. ಆದರೆ ಅದರ ಬೆಲೆ ಕೇಳಿದರೆ ಹಳದಿ ಬೋರ್ಡಿನವನು ಹಿಂದೆ ಸರಿಯುತ್ತಾನೆ.

2024ರಲ್ಲಿ ಉತ್ತರ ಪ್ರದೇಶ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನು ಪೂರ್ತಿ ಬಿಟ್ಟುಕೊಟ್ಟಿತು. ಇಲ್ಲೂ ಹಾಗೇ ಮಾಡಿ ಎಂದು ಕೇಳುವವರೇ, ಯಾರಿಗಾಗಿ ಕೇಳುತ್ತಿದ್ದೀರಿ? ಇಪ್ಪತ್ತು ಲಕ್ಷದ ಕಾರು ಕೊಳ್ಳಬಲ್ಲವನಿಗೆ ಖಜಾನೆಯಿಂದ ರಿಯಾಯಿತಿ ಕೊಡಿಸಿ, ಬಿಎಂಟಿಸಿ ಬಸ್ಸಿಗೆ ಕಾದು ನಿಂತವಳಿಗೆ ಅದೇ ಕಾರಿನ ಹೊಗೆ ಕುಡಿಸುವುದು ಅನ್ಯಾಯ. ರಿಯಾಯಿತಿ ಕೊಡುವುದಾದರೆ ದಿನವಿಡೀ ರಸ್ತೆಯಲ್ಲಿರುವ ಟ್ಯಾಕ್ಸಿಗೆ ಕೊಡಲಿ, ಉಳಿದದ್ದು ಬಸ್ಸಿಗೆ ಹೋಗಲಿ. ಸಾಹೇಬರಿಗಾಗಿ ಎಸಿ ಹಾಕಿಕೊಂಡು ಕಾಯುವ ಸರ್ಕಾರಿ ಕಾರುಗಳನ್ನು ಮೊದಲು ಬದಲಿಸಲಿ.

ಶೋರೂಮಿಗೆ ಹೊರಟವರು ಮೊದಲು ಈಗಿರುವ ಕಾರಿನ ಮೀಟರ್ ನೋಡಿ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ದಾಟಿಲ್ಲವೇ? ಅದನ್ನೇ ಸರ್ವಿಸ್ ಮಾಡಿಸಿ ಇಟ್ಟುಕೊಳ್ಳಿ, ನಾಳೆ ಆಫೀಸಿಗೆ ಮೆಟ್ರೋ ಹತ್ತಿ.