ಮಾರಾಟವಾಗದ ದೋಣಿ

ತುಂಗಭದ್ರೆಯ ದಂಡೆಯ ಮೇಲಿರುವ ಕುಮಾರಪಟ್ಟಣದ ಮಕ್ಕಳಿಗೆ ಹರಿಗೋಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಿದಿರು ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಮಾಡುವ ಈ ದುಂಡನೆಯ ದೋಣಿಗೆ ಹಿಂದು ಮುಂದು ಎಂಬುದಿಲ್ಲ. ಹುಟ್ಟು ಹಾಕುವವನ ಕೈ ತಪ್ಪಿದರೆ ಗಿರಗಿರನೆ ಸುತ್ತುತ್ತದೆ. ಇದಕ್ಕೊಂದು ಹಾಯಿ ಕಟ್ಟಿದರೆ ಏನಾದೀತು? ಗಾಳಿ ದೂಡಿದತ್ತ ಹೋದೀತೇ ಹೊರತು ಅಂಬಿಗ ಬಯಸಿದತ್ತ ಅಲ್ಲ. ಹಾಗಾದರೆ ಕಡಲಿನ ಹಾಯಿದೋಣಿ ಒಬ್ಬನೇ ಮನುಷ್ಯನನ್ನು ಹೊತ್ತುಕೊಂಡು, ಗಾಳಿ ಎದುರಾದಾಗಲೂ ಮುಂದೆ ಸಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ದೋಣಿಯೊಂದು ನಮ್ಮ ದೇಶದಲ್ಲಿಯೇ ಹುಟ್ಟಿದೆ. ಅದರ ಹೆಸರು ‘ಸುಹೇಲಿ’.

ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಇಂಗ್ಲೆಂಡಿನ ಹಡಗು ಅಧಿಕಾರಿ ಅದನ್ನು ಮುಂಬಯಿಯಲ್ಲಿ ಸಾಗುವಾನಿ ಮರದಿಂದ ಕಟ್ಟಿಸಿದರು. 1964ರಲ್ಲಿ ಅದು ನೀರಿಗಿಳಿಯಿತು. ಉದ್ದ ಕೇವಲ 32 ಅಡಿ. ಕಟ್ಟುವಾಗಲೇ ಅದರ ನಕ್ಷೆ ಹಳೆಯದಾಗಿತ್ತು. ನಾರ್ವೆಯ ಹಳೆಯ ರಕ್ಷಣಾ ದೋಣಿಗಳ ಮಾದರಿಯಿಂದ ಬಂದ ನಕ್ಷೆ ಅದು. ಮುಂದೆ, ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತುವ ಯೋಚನೆ ಬಂದಾಗ ಇಷ್ಟು ಚಿಕ್ಕ ದೋಣಿ ಸಾಲದೆಂದು ಅವರಿಗೇ ಅನಿಸಿತು. ಸುಹೇಲಿಯನ್ನು ಮಾರಿ, 50 ಅಡಿಗೂ ಮೀರಿದ ಉಕ್ಕಿನ ಹೊಸ ದೋಣಿ ಕಟ್ಟಿಸಬೇಕೆಂದುಕೊಂಡರು. ಆದರೆ ಹಣ ಹೊಂದಲಿಲ್ಲ, ನೆರವಿಗೆ ಯಾರೂ ಬರಲಿಲ್ಲ, ದೋಣಿಯೂ ಮಾರಾಟವಾಗಲಿಲ್ಲ. ಕೊನೆಗೆ ಇದ್ದ ದೋಣಿಯಲ್ಲಿಯೇ ಹೊರಡುವುದೆಂದು ತೀರ್ಮಾನಿಸಿದರು.

ಚಿಕ್ಕ ದೋಣಿಗೆ ಬೆಲೆ ಕಡಿಮೆ ಏಕೆ? ಇದರಲ್ಲಿ ಸ್ವಲ್ಪ ಗಣಿತವಿದೆ. ಚಲಿಸುವ ದೋಣಿ ತನ್ನ ಮುಂದೆ ತಾನೇ ಅಲೆಯೊಂದನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗಿ, ಕೊನೆಗೆ ದೋಣಿಯಷ್ಟೇ ಉದ್ದವಾಗುತ್ತದೆ. ಅದಕ್ಕಿಂತ ವೇಗವಾಗಿ ಹೋಗಬೇಕಾದರೆ ದೋಣಿ ತನ್ನದೇ ಅಲೆಯ ಏರನ್ನು ಹತ್ತಬೇಕು. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಈ ಮಿತಿ ಸುಮಾರಾಗಿ ನಾಟ್‌ಗಳಲ್ಲಿ ಸಿಗುತ್ತದೆ. 25 ಅಡಿಗೆ 6.7 ನಾಟ್, 49 ಅಡಿಗೆ 9.4 ನಾಟ್. ಆದ್ದರಿಂದಲೇ ಪಂದ್ಯಕ್ಕೆ ಹೊರಟವರು ಉದ್ದದ ದೋಣಿಯನ್ನೇ ಬಯಸುತ್ತಾರೆ.

ಆದರೆ ಒಬ್ಬಂಟಿ ಪಯಣಿಗನಿಗೆ ವೇಗವೊಂದೇ ಸಾಲದು. ಅವನು ಮಲಗಬೇಕು, ಅಡಿಗೆ ಮಾಡಿಕೊಳ್ಳಬೇಕು, ಹರಿದ ಹಾಯಿ ಹೊಲಿಯಬೇಕು. ಆ ಹೊತ್ತಿನಲ್ಲಿ ದೋಣಿ ತಾನಾಗಿ ನೇರ ಸಾಗಬೇಕು. ಸುಹೇಲಿಯ ತಳದಲ್ಲಿ ಉದ್ದಕ್ಕೂ ಚಾಚಿದ ಕೀಲ್ ಎಂಬ ಆಳವಾದ ಭಾಗವಿದೆ. ಹಾಯಿಗೆ ಬಡಿದ ಗಾಳಿ ದೋಣಿಯನ್ನು ಬಹುಪಾಲು ಪಕ್ಕಕ್ಕೂ ಸ್ವಲ್ಪ ಮುಂದಕ್ಕೂ ನೂಕುತ್ತದೆ. ಪಕ್ಕಕ್ಕೆ ಜಾರದಂತೆ ಕೀಲ್ ನೀರನ್ನು ಒತ್ತಿ ತಡೆಯುವುದರಿಂದ ಮುಂದಿನ ಚಲನೆಯೇ ಮೇಲಾಗುತ್ತದೆ. ಒದ್ದೆ ಹುಣಸೆ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದಾಗ ಅದು ಮುಂದಕ್ಕೆ ಚಿಮ್ಮುವುದಿಲ್ಲವೇ, ಹಾಗೆ. ಹೀಗೆ ಓರೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಾಗುತ್ತ ದೋಣಿ ಎದುರುಗಾಳಿಯನ್ನೂ ಗೆಲ್ಲುತ್ತದೆ. ಕೀಲಿಗೆ ಸೇರಿಸಿದ ಭಾರವಾದ ಕಬ್ಬಿಣದಿಂದ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ. ತಂಜಾವೂರು ಗೊಂಬೆಯಂತೆ ಬಿದ್ದರೂ ಮತ್ತೆ ಏಳುತ್ತದೆ. ಹಾಯಿಯ ಬಟ್ಟೆಯನ್ನು ಎರಡು ಕಂಬಗಳಿಗೆ ಹಂಚಿರುವುದರಿಂದ ಒಂದೊಂದು ಹಾಯಿಯೂ ಚಿಕ್ಕದಾಗಿ ಒಬ್ಬನ ಕೈಗೆ ನಿಲುಕುತ್ತದೆ.

1968ರ ಜೂನ್ 14ರಂದು ಸುಹೇಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟಿತು. ಅಟ್ಲಾಂಟಿಕ್ ಸಾಗರದಲ್ಲಿ ತಳದ ಹಲಗೆಗಳ ಸಂದಿಯಿಂದ ನೀರು ಒಳಬರತೊಡಗಿತು. ನಾಕ್ಸ್-ಜಾನ್‌ಸ್ಟನ್ ಮುಳುಗು ಹಾಕಿ, ಸಂದಿಗೆ ಹತ್ತಿ ತುರುಕಿ, ಮೇಲೆ ತಾಮ್ರದ ಪಟ್ಟಿ ಬಡಿದರು. ರಾಣೆಬೆನ್ನೂರು ಸೀಮೆಯ ರೈತ ಬೆಳೆಯುವಂಥದೇ ಹತ್ತಿ! ನೀರು ಕುಡಿದು ಉಬ್ಬಿದ ಹತ್ತಿ ಸಂದಿಯನ್ನು ಬಿಗಿಯುತ್ತದೆ. ದಕ್ಷಿಣ ಸಾಗರದ ಅಲೆಯೊಂದು ದೋಣಿಯನ್ನು ಕೆಡವಿತು. ಅದು ಮತ್ತೆ ಎದ್ದು ನಿಂತಿತು. ತಾನಾಗಿ ದಿಕ್ಕು ಹಿಡಿಯಲೆಂದು ಜೋಡಿಸಿದ್ದ ಸಾಧನ ಆಸ್ಟ್ರೇಲಿಯಾದ ಹತ್ತಿರ ಕೈಕೊಟ್ಟಿತು. ಆಮೇಲೆ ಚುಕ್ಕಾಣಿಯನ್ನು ಕಟ್ಟಿಹಾಕಿ, ಹಾಯಿಗಳ ಸಮತೋಲನದಿಂದಲೇ ದಾರಿ ಸವೆಸಿದರು. 312 ದಿನಗಳ ನಂತರ, 1969ರ ಏಪ್ರಿಲ್ 22ರಂದು ಮರಳಿ ಫಾಲ್ಮತ್ ಸೇರಿದರು. ಸರಾಸರಿ ವೇಗ ಸುಮಾರು 4 ನಾಟ್, ಎಂದರೆ ಗಂಟೆಗೆ ಏಳೂವರೆ ಕಿಲೋಮೀಟರು. ಶಾಲೆಗೆ ಹೋಗುವ ಹುಡುಗನ ಸೈಕಲ್ಲು ಇದಕ್ಕಿಂತ ಜೋರು! ಆದರೂ ಪಂದ್ಯಕ್ಕಿಳಿದ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ಅವರೊಬ್ಬರೇ. ಬಹುಮಾನವಾಗಿ ಬಂದ 5,000 ಪೌಂಡುಗಳನ್ನು, ಅದೇ ಪಂದ್ಯದಲ್ಲಿ ಮಡಿದ ಡೊನಾಲ್ಡ್ ಕ್ರೌಹರ್ಸ್ಟ್ ಅವರ ಕುಟುಂಬಕ್ಕೆ ಕೊಟ್ಟುಬಿಟ್ಟರು.

ಅರ್ಧ ಶತಮಾನದ ಮೇಲೆ, 2018ರಲ್ಲಿ ಆ ಪಂದ್ಯವನ್ನು ಮತ್ತೆ ಏರ್ಪಡಿಸಿದಾಗ 1988ಕ್ಕಿಂತ ಹಿಂದಿನ ವಿನ್ಯಾಸದ ಚಿಕ್ಕ ದೋಣಿಗಳಿಗೆ ಮಾತ್ರ ಪ್ರವೇಶವೆಂದು ನಿಯಮ ಮಾಡಿದರು. ಭಾರತದ ಅಭಿಲಾಷ್ ಟಾಮಿ ಅವರಿಗಾಗಿ ಗೋವೆಯಲ್ಲಿ ಸುಹೇಲಿಯ ಪ್ರತಿರೂಪವನ್ನೇ ಕಟ್ಟಲಾಯಿತು. ಬಿರುಗಾಳಿಯಲ್ಲಿ ಅದರ ಕಂಬಗಳು ಮುರಿದು, ಬೆನ್ನಿಗೆ ಪೆಟ್ಟು ಬಿದ್ದು ಅವರು ಪಂದ್ಯ ಬಿಡಬೇಕಾಯಿತು. ಒಳ್ಳೆಯ ದೋಣಿಯೂ ಕಡಲಿನ ಮುಂದೆ ಚಿಕ್ಕದೇ. ಆದರೆ ಮುಂದಿನ ಪಂದ್ಯದಲ್ಲಿ ಅವರು ಹಳೆಯ ವಿನ್ಯಾಸದ ಮತ್ತೊಂದು 36 ಅಡಿಯ ದೋಣಿಯಲ್ಲಿ ಹೊರಟು 2023ರಲ್ಲಿ ಎರಡನೆಯವರಾಗಿ ಬಂದರು.

ಸುಹೇಲಿಯನ್ನು ಕೆಲವು ವರ್ಷ ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದರು. ಅಲ್ಲಿನ ಒಣ ಗಾಳಿಗೆ ಹಲಗೆಗಳು ಕುಗ್ಗತೊಡಗಿದವು. ಬಳಸದೆ ಬಿಟ್ಟ ಎತ್ತಿನ ಗಾಡಿಯ ಗಾಲಿ ಬೇಸಿಗೆಯಲ್ಲಿ ಸಡಿಲಾಗುವುದೂ ಇದೇ ಕಾರಣಕ್ಕೆ. 2002ರಲ್ಲಿ ನಾಕ್ಸ್-ಜಾನ್‌ಸ್ಟನ್ ದೋಣಿಯನ್ನು ಹೊರತಂದು ದುರಸ್ತಿಗೆ ತೊಡಗಿದರು. ಮಾರುಕಟ್ಟೆ ಉದ್ದವನ್ನೂ ವಯಸ್ಸನ್ನೂ ನೋಡಿ ಬೆಲೆ ಕಟ್ಟುತ್ತದೆ. ನೀರು ಮಾತ್ರ ಬೇರೆ ಪರೀಕ್ಷೆ ಮಾಡುತ್ತದೆ. ಅಂಕಪಟ್ಟಿ ಕೈಗೆ ಬಂದ ದಿನ ತಂದೆ ತಾಯಿಯರು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮಾಡಿ ನೋಡಿ: ಥರ್ಮೊಕೋಲಿನಲ್ಲಿ ಒಂದೇ ಅಳತೆಯ ಎರಡು ಪುಟ್ಟ ದೋಣಿಗಳನ್ನು ಕತ್ತರಿಸಿ, ಎರಡಕ್ಕೂ ಕಡ್ಡಿ ಚುಚ್ಚಿ ರಟ್ಟಿನ ಹಾಯಿಯನ್ನು ಓರೆಯಾಗಿ ನಿಲ್ಲಿಸಿ. ಒಂದರ ತಳಕ್ಕೆ ಮಾತ್ರ ಉದ್ದುದ್ದ ತಗಡಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲುವಂತೆ ಸಿಕ್ಕಿಸಿ. ನದಿಗೆ ಹೋಗದೆ, ಮನೆಯ ಅಗಲವಾದ ಬೋಗುಣಿಯ ನೀರಿನಲ್ಲಿ ತೇಲಿಬಿಟ್ಟು ಪಕ್ಕದಿಂದ ಮೆಲ್ಲಗೆ ಊದಿ. ಯಾವುದು ಪಕ್ಕಕ್ಕೆ ಜಾರುತ್ತದೆ, ಯಾವುದು ಮುಂದೆ ಹೋಗುತ್ತದೆ ಎಂಬುದನ್ನು ನೀವೇ ಬರೆದಿಡಿ.